ಟೆಸ್ಟಿಂಗ್‌ಗೆ ಇಟ್ಟ ನಿಂಜಾ

6 ಜುಲೈ 1999, ಮಂಗಳವಾರ

ಬೆಳಿಗ್ಗೆ ಎರಡು ಟಿವಿ, ಒಂದು ಟೇಪ್ ರೆಕಾರ್ಡರ್. ಒಂದು ಟಿವಿಯಲ್ಲಿ ಫ್ಯೂಸ್ ಹೋಗಿತ್ತು, ಅಷ್ಟೇ. ವರ್ಲ್ಡ್ ಕಪ್ ಮುಗಿದ ಮೇಲೆ ಯಾರಿಗೂ ಟಿವಿ ಅರ್ಜೆಂಟ್ ಇಲ್ಲ. ಹೋದ ತಿಂಗಳು ಇದೇ ಜನ ನನ್ನ ಕೌಂಟರ್ ಹತ್ತಿ ಕೂರುವುದೊಂದು ಬಾಕಿ ಇತ್ತು.

ಹನ್ನೊಂದಕ್ಕೆ ಗುಬ್ಬಿ ಬಸ್ಸಿನಿಂದ ಒಬ್ಬ ಅಮ್ಮ ಇಳಿದು ನೇರ ಅಂಗಡಿಗೆ ಬಂದರು. ಹೆಸರು ರಂಗಲಕ್ಷ್ಮಮ್ಮ. ಅರವತ್ತು ದಾಟಿರಬಹುದು. ಬಟ್ಟೆ ಬ್ಯಾಗಿನಲ್ಲಿ ವಿಡಿಯೋ ಗೇಮ್ — ಟಿವಿಗೆ ಸಿಕ್ಕಿಸುವ ಬಿಳಿ ಡಬ್ಬ, ಆಡಲು ಎರಡು ರಿಮೋಟ್, ಆಟದ ಒಂದು ಹಳದಿ ಕ್ಯಾಸೆಟ್. ಟವೆಲಿನಲ್ಲಿ ಕೂಸಿನ ಹಾಗೆ ಸುತ್ತಿ ತಂದಿದ್ದರು.

"ಮೊಮ್ಮಗುಂದು ಸಾಬ್ರೆ. ಪಿಕ್ಚರ್ ಬರ್ತದೆ. ಸೌಂಡ್ ನಿಂತೋಗೈತೆ."

"ಪಿಕ್ಚರ್ ಬಂದ್ರೆ ಸಾಕಲ್ವಾಮ್ಮ? ಮಕ್ಕಳಿಗೆ ಸೌಂಡ್ ಯಾಕೆ, ಮನೇಲಿರೋರಿಗೆ ತಲೆನೋವು."

"ಸೌಂಡ್ ಇಲ್ದೆ ಆಡಕ್ಕೇ ಆಗಲ್ಲ," ಅಂದರು. ಖಡಾಖಂಡಿತ. ಮೊಮ್ಮಕ್ಕಳ ವಿಷಯದಲ್ಲಿ ಅಜ್ಜಿಯರು ಹೀಗೇ.

ಬರುವ ಮಂಗಳವಾರ ಬನ್ನಿ ಅಂದೆ. ಮನ್ಸೂರ್ ಅಲಿ ಮಂಗಳವಾರ ಅಂದರೆ ಮಂಗಳವಾರ. ಹದಿನೆಂಟು ವರ್ಷದಿಂದ ತುಮಕೂರಿನ ಗುಬ್ಬಿ ಗೇಟಿನಲ್ಲಿ ಈ ಒಂದು ಹೆಸರನ್ನು ಉಳಿಸಿಕೊಂಡು ಬಂದಿದ್ದೇನೆ.

7 ಜುಲೈ, ಬುಧವಾರ

ಹತ್ತು ನಿಮಿಷದ ಕೆಲಸ. ಸೌಂಡಿನ ವೈರ್ ಸೇರುವ ಕಡೆ ಬೆಸುಗೆ ಬಿಟ್ಟಿತ್ತು. ಸೋಲ್ಡರಿಂಗ್ ಐರನ್ ಮುಟ್ಟಿಸಿದೆ, ಟಿವಿಯಿಂದ ಟೊಂಯ್ ಎಂದು ಸದ್ದು ಬಂತು. ಮುಗಿಯಿತು.

ಮುಗಿಯಲಿಲ್ಲ. ನನ್ನದೊಂದು ರೂಲ್ ಇದೆಯಲ್ಲ — ರಿಪೇರಿಯಾದದ್ದು ಎರಡು ಗಂಟೆ ಓಡದೆ ಬೆಂಚಿನಿಂದ ಕೆಳಗಿಳಿಯಬಾರದು. ಟಿವಿಯಾದರೆ ಹಾಕಿಟ್ಟು ನನ್ನ ಕೆಲಸ ನೋಡಿಕೊಳ್ಳಬಹುದು. ಇದನ್ನು ಯಾರಾದರೂ ಆಡಬೇಕು. ಆಡಿದೆ.

ಕ್ಯಾಸೆಟ್ಟಿನ ಸ್ಟಿಕ್ಕರ್ ಕಿತ್ತುಹೋಗಿದೆ, ಹೆಸರು ಗೊತ್ತಿಲ್ಲ. ಮುಖಕ್ಕೆ ಬಟ್ಟೆ ಕಟ್ಟಿದ ಒಬ್ಬ ನಿಂಜಾ. ಕೈಯಲ್ಲಿ ಕತ್ತಿ. ಓಡುತ್ತಾನೆ, ಗೋಡೆ ಹಿಡಿದು ಹತ್ತುತ್ತಾನೆ, ಮಾಳಿಗೆಯಿಂದ ಮಾಳಿಗೆಗೆ ಹಾರುತ್ತಾನೆ. ಅದು ಬೇರೆಯವರು ಆಡಿದರೆ. ನಾನು ಆಡಿದಾಗ ನಲವತ್ತು ಸೆಕೆಂಡಿಗೆ ಸತ್ತ. ಮತ್ತೆ ಸತ್ತ. ನಾಯಿ ಕಚ್ಚಿ ಸತ್ತ. ನಲವತ್ತೊಂದು ವರ್ಷದವನು, ಡಿಪ್ಲೊಮಾ ಮಾಡಿದವನು, ಒಂದು ನಾಯಿಯ ಕೈಲಿ ಹನ್ನೊಂದು ಸಲ ಸೋತೆ.

ಪ್ಲೈವುಡ್ ಗೋಡೆ ಆಚೆ ಷಡಕ್ಷರಿಯ ಎಸ್‌ಟಿಡಿ ಬೂತ್. ಅಲ್ಲಿಂದಲೇ ಕೂಗಿದ, "ಸಾಬ್ರೆ, ಒಳ್ಗೆ ಮಾತಾಡೋರ್ಗೆ ಕತ್ತಿ ಸೌಂಡ್ ಕೇಳ್ತದಂತೆ! ಯಾರ್‌ನ್ ಕಡೀತಿದೀರಾ?" ವಾಲ್ಯೂಮ್ ಸೊನ್ನೆಗೆ ಇಳಿಸಿದೆ.

ಎರಡು ಗಂಟೆ ಟೆಸ್ಟಿಂಗ್ ನಾಲ್ಕಾಯಿತು.

9 ಜುಲೈ, ಶುಕ್ರವಾರ

ಮೂರನೇ ಸ್ಟೇಜ್. ನಾಯಿಗಳ ಕಾಲ ಮುಗಿಯಿತು. ಈಗ ಚೂರಿ ಎಸೆಯುವವರು.

ಈ ಆಟದಲ್ಲಿ ಸೇವ್ ಇಲ್ಲ. ಇರುವ ಜೀವ ಮುಗಿದರೆ ಮೊದಲಿನಿಂದ. ಕರೆಂಟ್ ಹೋದರೂ ಮೊದಲಿನಿಂದ. ಇಂಥದ್ದನ್ನು ಮಕ್ಕಳಿಗೆ ಮಾಡಿದ ಪುಣ್ಯಾತ್ಮ ಯಾರೋ.

ರಾತ್ರಿ ಊಟಕ್ಕೆ ಕೂತಾಗ ಹೆಬ್ಬೆರಳು ಆಡಿಸುತ್ತಿದ್ದೆನಂತೆ. ತಸ್ಬೀಹ್ ಮಣಿ ಎಣಿಸುತ್ತಿದ್ದೀರಾ ಎಂದು ಹೆಂಡತಿ ರಝಿಯಾ ಕೇಳಿದಳು. ಗೌರವದಿಂದ ಕೇಳಿದಳು, ಅದೇ ಕಷ್ಟ. ಹೌದು ಅನ್ನಬಹುದಿತ್ತು. ಅಷ್ಟು ದೊಡ್ಡ ಪಾಪ ಬೇಡ ಎಂದು ಸಾರು ಕೇಳಿದೆ.

13 ಜುಲೈ, ಮಂಗಳವಾರ

ಹನ್ನೊಂದರ ಬಸ್ಸಿಗೆ ಸರಿಯಾಗಿ ಬಂದರು. ಡಬ್ಬ ರೆಡಿ. ಟವೆಲಿನಲ್ಲಿ ನಾನೇ ಸುತ್ತಿಟ್ಟಿದ್ದೆ. ಕೊಡಬೇಕು, ಅಷ್ಟೇ.

ನಿನ್ನೆ ಐದನೇ ಸ್ಟೇಜಿನ ಕೊನೆಯವರೆಗೆ ಹೋಗಿದ್ದೆ. ಇನ್ನೊಂದು ಎರಡು ದಿನ ಇದ್ದಿದ್ದರೆ...

"ಐಸಿ ಚಿಪ್ ಹೋಗಿದೆ ಅಮ್ಮ. ಬೆಂಗಳೂರಿಂದ ಬರ್ಬೇಕು."

ಹೇಳಿಯೇಬಿಟ್ಟೆ. ನನ್ನ ಬಾಯಿಯೇ.

ಅವರು ನನ್ನ ಮುಖ ನೋಡಲಿಲ್ಲ. ತಲೆ ಸ್ವಲ್ಪ ಓರೆ ಮಾಡಿ ಕೇಳಿಸಿಕೊಂಡರು. "ಯಾವ ಐಸಿ?"

"ಸೌಂಡಿಂದು."

"ಆಗ್ಲಿ ಬುಡಿ. ಮುಂದಿನ್ ವಾರ ಬರ್ತೀನಿ."

ಹೋದರು. ಈ ಕಸುಬಿನಲ್ಲಿ ಸುಳ್ಳು ಹೇಳದವನು ಯಾರಿದ್ದಾನೆ? ನಾನೂ ಹೇಳಿದ್ದೇನೆ. ಆದರೆ ಕೆಲಸ ಆಗದಿದ್ದಾಗ ಹೇಳಿದ್ದು. ರೆಡಿ ಇರುವ ಸಾಮಾನನ್ನು ಬೆಂಚಿನ ಕೆಳಗೆ ಮುಚ್ಚಿಟ್ಟು ಹೇಳಿದ್ದು ಇದೇ ಮೊದಲು. ಗುಬ್ಬಿಯ ಆ ಮಗು ಅಳುತ್ತಾ ಕೂತಿರಬಹುದು. ಒಂದೇ ಒಂದು ಸಲ ಮುಗಿಸಿ ಕೊಟ್ಟುಬಿಡುತ್ತೇನೆ. ಒಂದೇ ಸಲ.

16 ಜುಲೈ, ಶುಕ್ರವಾರ

ಆರನೇ ಸ್ಟೇಜ್! ದೊಡ್ಡದೊಂದು ಗಂಟೆಯ ಗೋಪುರ. ಮೇಲಕ್ಕೆ ಹಾರುತ್ತಾ ಹತ್ತಬೇಕು. ಎಲ್ಲಿಂದಲೋ ಒಂದು ಹದ್ದು ಬಂದು ಗಾಳಿಯಲ್ಲೇ ಕುಕ್ಕುತ್ತದೆ, ನಿಂಜಾ ಹಿಂದಕ್ಕೆ ಹಾರಿ ಗುಂಡಿಗೆ ಬೀಳುತ್ತಾನೆ.

ಜುಮ್ಮಾ ನಮಾಜಿಗೆ ಹೊತ್ತಾಯಿತು. ಸ್ಟಾರ್ಟ್ ಒತ್ತಿ ಆಟವನ್ನು ಹಾಗೇ ನಿಲ್ಲಿಸಿ, ಶಟರ್ ಎಳೆದು ಹೋದೆ. ನಮಾಜಿನಲ್ಲಿ ಹದ್ದು ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಇಲ್ಲಿ ಸುಳ್ಳು ಬರೆದು ಯಾರಿಗೆ ಏನಾಗಬೇಕು — ನೆನಪಾಯಿತು.

ವಾಪಸ್ ಬಂದರೆ ಟಿವಿ ಕತ್ತಲು. ಷಡಕ್ಷರಿ ಹಲ್ಲು ಬಿಟ್ಟುಕೊಂಡು ನಿಂತಿದ್ದಾನೆ.

"ಶಟರ್ ಸಂದೀಲಿ ಬೆಳಕು ಕಾಣ್ತು ಸಾಬ್ರೆ. ಟಿವಿ ಮರ್ತೋಗಿದೀರಾ ಅಂತ ಫ್ಯೂಸ್ ಕಿತ್ತಾಕ್ದೆ. ಬೆಂಕಿ ಗಿಂಕಿ ಹತ್ಕೊಂಡ್ರೆ?"

ಇಬ್ಬರದೂ ಒಂದೇ ಮೀಟರ್. ಒಳ್ಳೆಯದಕ್ಕೇ ಮಾಡಿದ್ದು. ಥ್ಯಾಂಕ್ಸ್ ಹೇಳಿದೆ. ಹಲ್ಲು ಕಚ್ಚಿಕೊಂಡೇ ಹೇಳಿದೆ.

20 ಜುಲೈ, ಮಂಗಳವಾರ

ಮತ್ತೆ ಬಂದರು. ಬರುವಾಗ ಕೊಬ್ಬರಿ ಮಿಠಾಯಿ ಬೇರೆ. ಪೇಪರಿನಲ್ಲಿ ಕಟ್ಟಿ, "ಮನೇಲಿ ಕೊಡಿ" ಎಂದು ಕೌಂಟರ್ ಮೇಲಿಟ್ಟರು.

"ಐಸಿ ಬಂತಾ?"

"ಇನ್ನೂ ಇಲ್ಲಮ್ಮ."

"ಈ ತಿಂಗಳ ಮೂವತ್ತರೊಳ್ಗೆ ಆಗ್ತದಾ?"

"ಯಾಕಮ್ಮ, ಮೊಮ್ಮಗನ ಬರ್ತ್‌ಡೇನಾ?"

"ಹೂಂ... ಅಂಗೇ ಅಂದ್ಕೊಳಿ."

ಹೋಗುವಾಗ ಮೆಟ್ಟಿಲ ಹತ್ತಿರ ಕಾಲಿನಿಂದ ತಡವಿ ತಡವಿ ಇಳಿದರು. ವಯಸ್ಸು.

ಮಿಠಾಯಿ ಮನೆಗೆ ಒಯ್ಯಲಿಲ್ಲ. ಒಯ್ದರೆ ಯಾರು ಕೊಟ್ಟರು ಎಂದು ರಝಿಯಾ ಕೇಳುತ್ತಾಳೆ. ಷಡಕ್ಷರಿಗೆ ಕೊಟ್ಟೆ. ಒಂದು ಚೂರು ತಿಂದು ನೋಡಿದೆ. ಚೆನ್ನಾಗಿತ್ತು. ಅದಕ್ಕೇ ಇನ್ನೂ ಬೇಜಾರಾಯಿತು.

22 ಜುಲೈ

ಹದ್ದು.

24 ಜುಲೈ

ಹದ್ದು. ಇವತ್ತು ಒಂಬತ್ತು ಸಲ. ಕಣ್ಣಿಗೆ ಕಂಡ ಮೇಲೆ ಬಟನ್ ಒತ್ತಿದರೆ ಆಗಲೇ ತಡ. ಮುಂಚೆಯೇ ಒತ್ತಿದರೆ ಅದು ಬಂದೇ ಇರುವುದಿಲ್ಲ. ಮನುಷ್ಯರಿಂದ ಆಗುವಂಥದ್ದಲ್ಲ ಇದು.

27 ಜುಲೈ, ಮಂಗಳವಾರ, ಸಂಜೆ

ಎಲ್ಲಾ ಬರೆಯಬೇಕು.

ಇವತ್ತು ಹನ್ನೊಂದರ ಬಸ್ಸಿಗೆ ಅವರು ಬರಲಿಲ್ಲ. ಹನ್ನೆರಡಾಯಿತು, ಇನ್ನು ಬರುವುದಿಲ್ಲ ಅಂದುಕೊಂಡೆ. ಟಿವಿಯನ್ನು ಗೋಡೆ ಕಡೆ ತಿರುಗಿಸಿ, ಕೌಂಟರಿಗೆ ಬೆನ್ನು ಹಾಕಿ ಕೂತೆ. ಒಂದು ಜೀವವೂ ಕಳೆದುಕೊಳ್ಳದೆ ಗೋಪುರಕ್ಕೆ ಬಂದೆ. ಅರ್ಧ ಹತ್ತಿದ್ದೆ.

ಹಿಂದಿನಿಂದ ಧ್ವನಿ: "ಸೌಂಡ್ ಕೊಟ್ಕೊಂಡು ಆಡಿ ಸಾಬ್ರೆ."

ನಾನು ಹಾರಿಬಿದ್ದೆ. ನಿಂಜಾ ಗುಂಡಿಗೆ ಬಿದ್ದ.

ರಂಗಲಕ್ಷ್ಮಮ್ಮ. ಕೌಂಟರ್ ಪಕ್ಕದ ಸಣ್ಣ ಬಾಗಿಲು ತಳ್ಳಿಕೊಂಡು ಒಳಗೇ ಬಂದಿದ್ದಾರೆ. ಬಾಯಿ ತೆಗೆದೆ, "ಐಸಿ ಇವತ್ತು ಬೆಳಿಗ್ಗೆನೇ..."

"ಸುಮ್ನಿರಿ. ಮೂವತ್ತೆರಡು ವರ್ಷ ಗುಬ್ಬಿ ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಆಪರೇಟರ್ ಆಗಿದ್ದೋಳು ನಾನು. ಲೈನ್ ಸಿಗ್ತಿಲ್ಲ ಅಂತ ಊರೋರ್ಗೆಲ್ಲ ಸುಳ್ಳು ಹೇಳಿದೀನಿ. ಐಸಿ ಅಂತ ನೀವು ಅಂದ್ರಲ್ಲ, ಅವತ್ತೇ ಧ್ವನೀಲಿ ಗೊತ್ತಾಯ್ತು."

"ಮತ್ತೆ ಯಾಕಮ್ಮ ಏನೂ ಅನ್ಲಿಲ್ಲ?"

ಅವರ ಮುಖ ಸಣ್ಣಗಾಯಿತು. "ಮೊಮ್ಮಗುಂದು ಅಂತ ನಾನೂ ಹೇಳಿದ್ನಲ್ಲ."

ಮೊಮ್ಮಗ ಚೇಳೂರಿನವನಂತೆ. ಬೇಸಿಗೆ ರಜಕ್ಕೆ ಬಂದಾಗ ಅವನಿಗೆಂದೇ ತಂದದ್ದು. ನಾಲ್ಕು ದಿನ ಆಡಿದ, ನಾಯಿ ದಾಟಲಾಗಲಿಲ್ಲ, ಬ್ಯಾಟ್ ಹಿಡಿದು ಬಯಲಿಗೆ ಹೋದವನು ತಿರುಗಿಯೂ ನೋಡಲಿಲ್ಲ. ಇವರು ಒಂದು ಸಲ ರಿಮೋಟ್ ಹಿಡಿದು ನೋಡಿದರು. ಅಲ್ಲಿಂದ ದಿನಾ ಮಧ್ಯಾಹ್ನ ಎರಡರಿಂದ ನಾಲ್ಕು. ಜೊತೆಗಿರುವ ಮಗಳು ಅಪರ್ಣ ಸ್ಕೂಲ್ ಟೀಚರ್, ಅವಳು ಬರುವುದರೊಳಗೆ ಎತ್ತಿಡಬೇಕು. ಈ ವಯಸ್ಸಿನಲ್ಲಿ ಇದೇನಮ್ಮ ಎಂದು ಯಾರಾದರೂ ಅಂದರೆ?

ಸ್ಟೂಲ್ ಎಳೆದುಕೊಂಡು ಕೂತರು. ರಿಮೋಟ್ ಕೇಳಲಿಲ್ಲ, ತೆಗೆದುಕೊಂಡರು. ನಾನು ವಾಲ್ಯೂಮ್ ಏರಿಸಿದೆ.

ಅವರು ಆಡುವುದು ನೋಡಬೇಕಿತ್ತು. ಸ್ಕ್ರೀನಿಗೆ ಮುಖ ಹತ್ತಿರ ತಂದು, ತಲೆ ಒಂದು ಕಡೆ ಓರೆ ಮಾಡಿ. ಗೋಪುರದಲ್ಲಿ ಎಲ್ಲಿಂದಲೋ ಕ್ರೀಂ ಎಂದು ಸಣ್ಣದೊಂದು ಕೂಗು ಕೇಳಿತು. ಸ್ಕ್ರೀನಿನಲ್ಲಿ ಏನೂ ಇಲ್ಲ. ಅವರು ಕತ್ತಿ ಬೀಸಿದರು. ಹದ್ದು ತಾನಾಗಿಯೇ ಬಂದು ಆ ಕತ್ತಿಗೆ ಬಿತ್ತು.

"ಅದು ಬರೋ ಮುಂಚೆ ಕೂಗ್ತದೆ. ಕೂಗಿದ್ ತಕ್ಷಣ ಹೊಡ್ದುಬುಡ್ಬೇಕು. ನಂಗೆ ಹದ್ದು ಕಾಣ್ಸದೇ ಇಲ್ಲ ಸಾಬ್ರೆ."

ಕಣ್ಣಿಗೆ ಪೊರೆ. ಎರಡೂ ಕಣ್ಣು. ಬಲಗಣ್ಣಿನ ಆಪರೇಷನ್ ಈ ಶುಕ್ರವಾರ, ಮೂವತ್ತಕ್ಕೆ. ಆಮೇಲೆ ನಲವತ್ತು ದಿನ ಟಿವಿ ಮುಂದೆ ಕೂರುವ ಹಾಗಿಲ್ಲ. ಅಷ್ಟರಲ್ಲಿ ಅಪರ್ಣ ಡಬ್ಬವನ್ನು ಅಟ್ಟಕ್ಕೆ ಹಾಕಿರುತ್ತಾಳೆ. ಅದಕ್ಕೇ ಮುಂಚೆಯೇ ಒಂದು ಸಲ ಮುಗಿಸಬೇಕು ಎಂದುಕೊಂಡಿದ್ದರು. ಅದಕ್ಕೇ ಸೌಂಡ್ ಬೇಕೇ ಬೇಕು ಎಂದಿದ್ದು. ಅದಕ್ಕೇ ಮೂವತ್ತರೊಳಗೆ ಎಂದಿದ್ದು.

ಬರ್ತ್‌ಡೇನಾ ಎಂದು ಕೇಳಿದ್ದೆನಲ್ಲ ನಾನು. ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು. ಅವರ ಎರಡು ವಾರ ನಾನು ತಿಂದಿದ್ದೇನೆ. ಅದೂ ಯಾರಿಗೂ ಗೊತ್ತಾಗಬಾರದೆಂದು ವಾಲ್ಯೂಮ್ ಸೊನ್ನೆ ಮಾಡಿಕೊಂಡು, ಹದ್ದಿನ ಕೂಗು ಕೇಳಿಸದೆ, ನೂರು ಸಲ ಸತ್ತು.

"ತಪ್ಪಾಯ್ತಮ್ಮ," ಅಂದೆ.

"ನಮ್ ಕರಿಯ ಚೆನ್ನಾಗಿ ಹಾರ್ತಾನೆ ಅಲ್ವಾ?" ಅಂದರು. ಆಟ ನಿಲ್ಲಿಸಿರಲಿಲ್ಲ.

"ಕರಿಯ?"

"ಕಪ್ಪು ಬಟ್ಟೆ ಹಾಕವ್ನಲ್ಲ."

"ನೀಲಿ ಅಮ್ಮ. ಒಳ್ಳೆ ಗಾಢವಾದ ನೀಲಿ."

ರಿಮೋಟ್ ಕೆಳಗಿಟ್ಟು ನನ್ನ ಕಡೆ ತಿರುಗಿದರು. "ನೀಲಿನಾ? ಸುಳ್ಳು ಹೇಳ್ತಿಲ್ಲ ತಾನೇ?"

29 ಜುಲೈ, ಗುರುವಾರ

ಮೊನ್ನೆಯೇ ಡಬ್ಬ ತೆಗೆದುಕೊಂಡು ಹೋಗಿದ್ದರು. ಇವತ್ತು ಅಂಗಡಿ ಮುಚ್ಚಿ ಗುಬ್ಬಿಗೆ ಹೋದೆ. ಯಾಕೆ ಎಂದು ಷಡಕ್ಷರಿ ಕೇಳಿದ. ಕಸ್ಟಮರ್ ಮನೆಗೆ ಅಂದೆ. ಸುಳ್ಳಲ್ಲ.

ಎರಡು ಗಂಟೆಗೆ ಶುರು. ನಾನು ನೆಲದ ಮೇಲೆ, ಅವರು ಕುರ್ಚಿ ಮೇಲೆ. ಚೂರಿಗಳು ಅವರಿಗೆ ಕಾಣುವುದಿಲ್ಲ, ನಾನು "ಎಡ", "ಮೇಲೆ" ಎಂದು ಹೇಳುತ್ತಾ ಹೋದೆ. ಹದ್ದು ಅವರದ್ದೇ. ಮೂರೂವರೆಗೆ ಗೋಪುರದ ತುದಿ. ಅಲ್ಲಿಂದ ಕೊನೆಯ ರಾಕ್ಷಸ. ಒಂದು ರೂಪ ಕೊಂದರೆ ಇನ್ನೊಂದು ರೂಪದಲ್ಲಿ ಏಳುತ್ತಾನೆ, ಒಟ್ಟು ಮೂರು. ಎರಡನೆಯದನ್ನು ಕೊಂದೇಬಿಟ್ಟರು. ನಾನು ಎದ್ದು ನಿಂತಿದ್ದೆ.

ನಾಲ್ಕಕ್ಕೆ ಹತ್ತು ನಿಮಿಷ. ಕರೆಂಟ್ ಹೋಯಿತು.

ನನಗೆ ಅಳು ಬಂದ ಹಾಗಾಯಿತು. ಅವರು ಎದ್ದು ಹೋಗಿ ಕಾಫಿ ತಂದರು.

ಹೊರಡುವಾಗ ಡಬ್ಬವನ್ನು ಟವೆಲಿನಲ್ಲಿ ಸುತ್ತಿ ನನ್ನ ಕೈಗೇ ಕೊಟ್ಟರು. "ಇಲ್ಲಿದ್ರೆ ಅಟ್ಟಕ್ಕೋಗ್ತದೆ. ನಿಮ್ಮತ್ರಾನೇ ಇರ್ಲಿ. ಟೆಸ್ಟಿಂಗ್ ಮಾಡ್ತಿರಿ."

"ಅಮ್ಮ..."

"ಮುಗ್ಸಿದ್ರೆ ಕೊನೇಲಿ ಏನ್ ಬರ್ತದೆ ಅಂತ ಹೇಳಿ, ಆಯ್ತಾ?"

6 ಆಗಸ್ಟ್, ಶುಕ್ರವಾರ

ವಾಲ್ಯೂಮ್ ಏರಿಸಿ ಆಡಿದೆ. ಶಟರ್ ಪೂರ್ತಿ ಮೇಲೆ. ಟಿವಿ ರೋಡಿನ ಕಡೆಗೆ. ಯಾರು ಬೇಕಾದರೂ ನೋಡಲಿ.

ಹದ್ದಿನ ಕೂಗು ಈಗ ನನಗೂ ಕೇಳುತ್ತದೆ. ಇಷ್ಟು ದಿನ ಅದು ಅಲ್ಲೇ ಇತ್ತಲ್ಲ ಎಂದು ನೆನೆದರೆ ನಗು ಬರುತ್ತದೆ.

ಗೋಪುರ ಮುಗಿಯಿತು. ರಾಕ್ಷಸನ ಎರಡು ರೂಪ ಮುಗಿಯಿತು. ಮೂರನೆಯದಕ್ಕೆ ಇನ್ನು ಮೂರು ಏಟು ಸಾಕು. ನನಗೆ ಎರಡು ಜೀವ ಬಾಕಿ. ಕರೆಂಟ್ ಇತ್ತು. ಷಡಕ್ಷರಿ ಕುಣಿಗಲ್‌ಗೆ ಹೋಗಿದ್ದ, ಫ್ಯೂಸಿನ ಭಯವೂ ಇರಲಿಲ್ಲ.

ಆಫ್ ಮಾಡಿದೆ.

ಯಾಕೆ ಎಂದು ಬರೆಯಲು ಹೋಗಿ ಎರಡು ಸಾಲು ಹೊಡೆದುಹಾಕಿದ್ದೇನೆ. ದೊಡ್ಡ ಮಾತು ಬೇಡ. ಅವರ ದಿನಗಳನ್ನು ತಿಂದವನು ನಾನು. ಕೊನೆಯನ್ನೂ ನಾನೇ ತಿಂದರೆ ಗಂಟಲಲ್ಲಿ ಇಳಿಯುವುದಿಲ್ಲ. ಆಫ್ ಮಾಡಿದ ಮೇಲೆ ಬೇಜಾರಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಮನೆಗೆ ಹೋಗುವಾಗ ರಝಿಯಾಗೆ ಮಲ್ಲಿಗೆ ಹೂವು ತಗೊಂಡೆ. ಏನು ವಿಶೇಷ ಅಂದಳು. ಒಂದು ಕೆಲಸ ಮಾಡದೇ ಬಿಟ್ಟೆ, ಅದಕ್ಕೆ ಅಂದೆ. ನನ್ನ ಹಣೆ ಮುಟ್ಟಿ ನೋಡಿದಳು.

10 ಆಗಸ್ಟ್, ಮಂಗಳವಾರ

"ಸಾಬ್ರೆ, ಫೋನು! ಗುಬ್ಬಿಯಿಂದ!" — ಷಡಕ್ಷರಿ.

ಓಡಿದೆ. ಆಪರೇಷನ್ ಚೆನ್ನಾಗಿ ಆಗಿದೆಯಂತೆ. ಕಪ್ಪು ಕನ್ನಡಕ ಕೊಟ್ಟಿದ್ದಾರೆ. ಟಿವಿ ಇಲ್ಲ, ಪೇಪರ್ ಇಲ್ಲ, ಒಲೆ ಮುಂದೆ ಹೋಗುವ ಹಾಗಿಲ್ಲ. ಕೇಳಿ ಕೇಳಿ ರೇಡಿಯೋಗೇ ಬೇಜಾರು ಬಂದಿರಬೇಕು ಅಂದರು.

"ಮುಗ್ಸಿದ್ರಾ?"

"ಇಲ್ಲಮ್ಮ."

ಆ ಕಡೆ ತಲೆ ಓರೆ ಮಾಡಿ ಕೇಳಿಸಿಕೊಳ್ಳುತ್ತಿದ್ದಾರೆ ಎಂದು ಗೊತ್ತಾಯಿತು.

"ಇದು ಐಸಿ ಮಾತಿನಂಗಿಲ್ಲ ಕಣಪ್ಪ," ಅಂದರು. ಮೊದಲ ಸಲ ಕಣಪ್ಪ. "ಗುರುವಾರ ತುಮ್ಕೂರಿಗೆ ಚೆಕಪ್‌ಗೆ ಬರ್ತೀನಿ. ಅಪರ್ಣ ಮಾತ್ರೆ ತರಕ್ಕೆ ಹೋಗ್ತಾಳೆ, ಅರ್ಧ ಗಂಟೆ ನಿನ್ ಅಂಗ್ಡೀಲಿ ಕೂತಿರ್ತೀನಿ. ಹನ್ನೊಂದೂವರೆಗೆ ಸರ್ಯಾಗಿ ಕೊನೇ ರಾಕ್ಷಸನ ಬಾಗ್ಲಲ್ಲಿ ನಿಲ್ಸಿರು."

"ಟಿವಿ ನೋಡೋ ಹಾಗಿಲ್ವಲ್ಲಮ್ಮ?"

"ನೋಡೋಳು ಯಾರು? ನೀನ್ ನೋಡು. ನಾನ್ ಕೇಳ್ತೀನಿ."

12 ಆಗಸ್ಟ್, ಗುರುವಾರ, 9:40

ಶುರು ಮಾಡುತ್ತಿದ್ದೇನೆ. ಒಂದು ಕಂಪ್ಯೂಟರ್ ಸೆಂಟರಿನ ಯುಪಿಎಸ್ ನಿನ್ನೆ ರಿಪೇರಿಗೆ ಬಂದಿತ್ತು. ಕೆಲಸ ಮುಗಿದಿದೆ. ಟಿವಿ, ಡಬ್ಬ ಎರಡನ್ನೂ ಅದಕ್ಕೆ ಸಿಕ್ಕಿಸಿ ಟೆಸ್ಟಿಂಗ್‌ಗೆ ಇಟ್ಟಿದ್ದೇನೆ. ಇವತ್ತು ಕರೆಂಟ್ ಹೋದರೂ ಪರವಾಗಿಲ್ಲ.

11:10

ಗೋಪುರ ಮುಗಿಯಿತು. ಬಾಗಿಲಲ್ಲಿ ನಿಲ್ಲಿಸಿದ್ದೇನೆ. ಷಡಕ್ಷರಿಯನ್ನು ಮೀಟರ್ ಬೋರ್ಡಿನ ಪಕ್ಕ ಕೂರಿಸಿದ್ದೇನೆ. ಇವತ್ತು ಫ್ಯೂಸ್ ಮುಟ್ಟಿದರೆ ಕೈ ಮುರಿಯುತ್ತೇನೆ ಎಂದು ಹೇಳಿದ್ದೇನೆ.

11:35

ಬಂದರು. ಮೆಟ್ಟಿಲನ್ನು ತಡವದೆ ಹತ್ತಿದರು. ಅಪರ್ಣ ಮಾತ್ರೆಗೆ ಹೋದರು. ಅಮ್ಮ ಸ್ಟೂಲಿನ ಮೇಲೆ, ಟಿವಿಗೆ ಬೆನ್ನು ಹಾಕಿ ಕೂತಿದ್ದಾರೆ. ವಾಲ್ಯೂಮ್ ಫುಲ್.

11:52

ಎರಡು ರೂಪ ಹೋಯಿತು. ಅವರು ಕಿವಿ ಕೊಟ್ಟು "ಈಗ!" ಅನ್ನುತ್ತಾರೆ, ನಾನು ಹಾರುತ್ತೇನೆ. ಒಂದೂ ತಪ್ಪಿಲ್ಲ. ಮೂರನೆಯವನು ಎದ್ದು ನಿಂತಿದ್ದಾನೆ. ಸ್ಟಾರ್ಟ್ ಒತ್ತಿ ನಿಲ್ಲಿಸಿದೆ. ಟೈಮ್ ಬರ್ಕೋ ಅಂದರು. ಆಪರೇಟರ್ ಆಗಿದ್ದಾಗ ಟ್ರಂಕ್ ಕಾಲ್ ಸಿಕ್ಕಿದ ಕೂಡಲೇ ಟೈಮ್ ಬರೆಯುತ್ತಿದ್ದರಂತೆ. ಅದಕ್ಕೇ ಬರೆಯುತ್ತಿದ್ದೇನೆ.

"ಒಂದ್ ಸಲ," ಅಂದರು ಈಗ. "ಒಂದೇ ಸಲ ನೋಡ್ತೀನಿ. ಡಾಕ್ಟ್ರಿಗೆ ಹೇಳ್ಬೇಡ."

ತಿರುಗಿದರು. ಕಪ್ಪು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದಾರೆ. ನಿಂತಿರುವ ನಿಂಜಾನನ್ನೇ ನೋಡುತ್ತಿದ್ದಾರೆ.

"ಅಯ್ಯೋ ನೀಲಿ ಕಣಪ್ಪ! ನೀಲೀನೇ!"

ಬಲಗಣ್ಣು ಒರೆಸಿಕೊಂಡರು, ಮುಟ್ಟಬಾರದು ಅಂದೆ. ಕನ್ನಡಕ ಮತ್ತೆ ಹಾಕಿಕೊಂಡರು. ಬೆನ್ನು ತಿರುಗಿಸಿದರು. ತಲೆ ಓರೆ.

"ಬರ್ದಿದ್ ಸಾಕು. ಒತ್ತು," ಅನ್ನುತ್ತಿದ್ದಾರೆ. ಪೆನ್ನು ಇಡುತ್ತಿದ್ದೇನೆ.